ಸಣ್ಣ ಊರುಗಳ ದವಾಖಾನೆಯಲ್ಲಿ ಡಾ. ರಶೀದ್ ಜಹಾನ್

ನಮ್ಮ ದಾದಿಗೆ ಒಂಬತ್ತು ಹೆರಿಗೆ. ಉಳಿದ ಮಕ್ಕಳು ಐದು. ಹೋದ ನಾಲ್ಕರ ಬಗ್ಗೆ ಕೇಳಿದರೆ "ಅಲ್ಲಾಹ್ ಕೊಟ್ಟ, ಅಲ್ಲಾಹ್ ತಗೊಂಡ" ಅಂತ ಹೇಳಿ ತಲೆ ಮೇಲಿನ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಮಾತ್ರ, ನಾನು ಪುಣೆಯಿಂದ ರಜೆಗೆ ಹೋದಾಗ, "ಆಗ ಊರಾಗ ಒಬ್ಬಾಕಿ ಡಾಕ್ಟರ್ ಬಾಯಿ ಇದ್ದಿದ್ರ..." ಅಂತ ಶುರು ಮಾಡಿದವರು ಮಾತು ಅಲ್ಲಿಗೇ ನಿಲ್ಲಿಸಿಬಿಟ್ಟರು. ಆ ಅರ್ಧ ವಾಕ್ಯ ನನ್ನ ತಲೆಯಲ್ಲಿ ಉಳಿದುಹೋಯಿತು.

ಗಂಡು ಡಾಕ್ಟರು ತಾಲ್ಲೂಕಿನಲ್ಲಿ ಇದ್ದರಂತೆ. ಆದರೆ ಅವರ ಮುಂದೆ ಹೋಗುವ ಹಾಗಿರಲಿಲ್ಲ. ಹೋದರೂ ಮೈ ಮುಟ್ಟಿ ನೋಡುವ ಹಾಗಿರಲಿಲ್ಲ. ಪರದೆಯ ಆಚೆ ಬೇಗಂ, ಈಚೆ ಹಕೀಮರು, ನಡುವೆ ಚಾಚಿದ ಒಂದು ಕೈ. ಆ ನಾಡಿಯಿಂದಲೇ ಎಲ್ಲ ರೋಗ ತಿಳಿಯಬೇಕು. ನಾಡಿ ಹಿಡಿದು ಜ್ವರ ತಿಳಿಯಬಹುದು. ಮಗು ಅಡ್ಡ ತಿರುಗಿದ್ದು ತಿಳಿಯುತ್ತದೆಯೇ?

ಈ ಲೇಖನ ಅಂಥ ಪರದೆಯ ಆಚೆಗೆ ಹೋಗಿ ಕೆಲಸ ಮಾಡಿದ ಒಬ್ಬ ಡಾಕ್ಟರ್ ಬಗ್ಗೆ. ಅವರ ಹೆಸರು ರಶೀದ್ ಜಹಾನ್. ಸಾಹಿತ್ಯ ಓದುವವರಿಗೆ ಅವರು 'ಅಂಗಾರೆ' ಎಂಬ ನಿಷೇಧಿತ ಕಥಾಸಂಕಲನದ ಲೇಖಕಿಯಾಗಿ ಗೊತ್ತು. ಆದರೆ ಅವರ ದಿನದ ಬಹುಪಾಲು ಹೋದದ್ದು ದವಾಖಾನೆಯಲ್ಲಿ, ಅದರಲ್ಲೂ ಮೊದಲ ವರ್ಷಗಳು ಉತ್ತರ ಭಾರತದ ಸಣ್ಣ ಊರುಗಳಲ್ಲಿ. ಡಾಕ್ಟರ್ ರಶೀದ್ ಜಹಾನ್ ಅವರನ್ನು ತಿಳಿಯದೆ ಲೇಖಕಿ ರಶೀದ್ ಜಹಾನ್ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸಿದೆ.

ಶಾಲೆಯ ಮನೆಯ ಮಗಳು

ರಶೀದ್ ಜಹಾನ್ ಹುಟ್ಟಿದ್ದು 1905ರ ಆಗಸ್ಟ್ 25ರಂದು, ಅಲೀಗಢದಲ್ಲಿ. ತಂದೆ ಶೇಖ್ ಅಬ್ದುಲ್ಲಾ, ವೃತ್ತಿಯಲ್ಲಿ ವಕೀಲರು. ಊರಿನ ಜನ ಅವರನ್ನು ಪ್ರೀತಿಯಿಂದ 'ಪಾಪಾ ಮಿಯಾನ್' ಎನ್ನುತ್ತಿದ್ದರು. ತಾಯಿ ವಹೀದ್ ಜಹಾನ್ ಬೇಗಂ, ಎಲ್ಲರಿಗೂ 'ಆಲಾ ಬೀ'. ಮುಸ್ಲಿಂ ಹೆಣ್ಣುಮಕ್ಕಳು ಓದಬೇಕು ಎಂಬುದೇ ಈ ಗಂಡಹೆಂಡಿರ ಜೀವನದ ಕೆಲಸವಾಗಿತ್ತು. 1904ರಲ್ಲಿ ಶೇಖ್ ಅಬ್ದುಲ್ಲಾ 'ಖಾತೂನ್' ಎಂಬ ಉರ್ದು ಪತ್ರಿಕೆ ಶುರು ಮಾಡಿದರು. 1906ರಲ್ಲಿ ಬಾಡಿಗೆಯ ಒಂದು ಮನೆಯಲ್ಲಿ ಬೆರಳೆಣಿಕೆಯ ಹುಡುಗಿಯರನ್ನು ಕೂರಿಸಿ ಶಾಲೆ ತೆರೆದರು.

ಗಂಡುಮಕ್ಕಳಿಗೆ ಸರ್ ಸಯ್ಯದ್ ಅಹ್ಮದ್ ಖಾನರ ಕಾಲೇಜು ಆ ಊರಲ್ಲೇ ಇತ್ತು, 30 ವರ್ಷ ಹಳೆಯದು. ಆದರೂ ಹೆಣ್ಣುಮಕ್ಕಳ ಶಾಲೆ ಎಂದರೆ ಜನ ಹುಬ್ಬು ಗಂಟಿಕ್ಕುತ್ತಿದ್ದರು. ಶೇಖ್ ಅಬ್ದುಲ್ಲಾ ಜಗಳಕ್ಕೆ ಹೋಗಲಿಲ್ಲ. ಪರದೆ ಬಿಡಿ ಎನ್ನಲಿಲ್ಲ, ಪರದೆಯೊಳಗೇ ಓದಿ ಎಂದರು. ಹುಡುಗಿಯರನ್ನು ಪರದೆ ಹಾಕಿದ ಡೋಲಿಯಲ್ಲಿ ಕರೆತಂದರು, ಶಾಲೆಗೆ ಎತ್ತರದ ಗೋಡೆ ಕಟ್ಟಿಸಿದರು. 1914ರಲ್ಲಿ ಭೋಪಾಲದ ಸುಲ್ತಾನ್ ಜಹಾನ್ ಬೇಗಂ ಬಂದು ಅಲ್ಲಿನ ಹಾಸ್ಟೆಲ್ ಉದ್ಘಾಟಿಸಿದರು. ಇವತ್ತಿನ ಅಲೀಗಢ ಮುಸ್ಲಿಂ ಯೂನಿವರ್ಸಿಟಿಯ ವಿಮೆನ್ಸ್ ಕಾಲೇಜಿಗೆ ಬೀಜ ಬಿದ್ದದ್ದು ಆ ಬಾಡಿಗೆ ಮನೆಯಲ್ಲಿ. 1964ರಲ್ಲಿ ಭಾರತ ಸರ್ಕಾರ ಶೇಖ್ ಅಬ್ದುಲ್ಲಾ ಅವರಿಗೆ ಪದ್ಮಭೂಷಣ ಕೊಟ್ಟಿತು.

ರಶೀದ್ ಜಹಾನ್ ಹಿರಿಯ ಮಗಳು. ಊಟದ ಹೊತ್ತಿಗೂ ಮಲಗುವ ಹೊತ್ತಿಗೂ ಮನೆಯಲ್ಲಿ ಹೆಣ್ಣುಮಕ್ಕಳ ಓದಿನದೇ ಮಾತು. ಮುಂಬೈಯ ಓದುಗರಿಗೆ ಈ ಮನೆಯ ಇನ್ನೊಬ್ಬ ಮಗಳೂ ಪರಿಚಯ ಇರಬಹುದು. 'ರೇಣುಕಾ ದೇವಿ' ಎಂಬ ಹೆಸರಿನಲ್ಲಿ ಬಾಂಬೆ ಟಾಕೀಸಿನ 'ಭಾಬಿ', 'ನಯಾ ಸಂಸಾರ್' ಚಿತ್ರಗಳಲ್ಲಿ ನಟಿಸಿದ ಖುರ್ಷಿದ್ ಜಹಾನ್ ಇವರ ತಂಗಿ. ಅಕ್ಕನ ಬಗ್ಗೆ ನಾವು ತಿಳಿದಿರುವ ಎಷ್ಟೋ ಮನೆಮಾತುಗಳು ಈ ತಂಗಿಯ ಆತ್ಮಕಥೆಯಿಂದ ಬಂದವು.

ಅಲೀಗಢದ ಶಾಲೆ ಮುಗಿಸಿ ರಶೀದ್ ಜಹಾನ್ ಲಖನೌದ ಇಸಾಬೆಲ್ಲಾ ಥಾಬರ್ನ್ ಕಾಲೇಜಿಗೆ ಹೋದರು. ಅಲ್ಲಿಂದ ದಿಲ್ಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು. ಹೆಣ್ಣುಮಕ್ಕಳಿಗೆಂದೇ 1916ರಲ್ಲಿ ತೆರೆದ ಕಾಲೇಜು ಅದು. ಗಂಡಸರ ಜೊತೆ ಕೂತು ಓದುವುದಕ್ಕೆ ಮನೆಯವರು ಒಪ್ಪದ ಎಷ್ಟೋ ಹುಡುಗಿಯರಿಗೆ ಡಾಕ್ಟರಿಕೆಯ ದಾರಿ ತೆರೆದದ್ದು ಅಲ್ಲಿಯೇ. ಓದುತ್ತಿದ್ದಾಗಲೇ ರಶೀದ್ ಜಹಾನ್ ಬಡ ಹೆಂಗಸರಿಗೆ ಅಕ್ಷರ ಕಲಿಸುವ ತರಗತಿ, ಪುಕ್ಕಟೆ ಔಷಧೋಪಚಾರ ಎಂದು ಓಡಾಡುತ್ತಿದ್ದರು. 1929ರಲ್ಲಿ ಡಾಕ್ಟರಾಗಿ ಹೊರಬಂದರು.

ಬಹರಾಯಿಚ್, ಬುಲಂದ್‌ಶಹರ್, ಮೇರಠ

ತಂದೆಯ ಹೆಸರು ಇತ್ತು, ದಿಲ್ಲಿಯ ಡಿಗ್ರಿ ಇತ್ತು. ಆದರೆ ಅವರು ಸೇರಿದ್ದು ಸಂಯುಕ್ತ ಪ್ರಾಂತ್ಯದ, ಅಂದರೆ ಇವತ್ತಿನ ಉತ್ತರ ಪ್ರದೇಶದ, ಸರ್ಕಾರಿ ವೈದ್ಯಕೀಯ ಸೇವೆಗೆ. ಬಹರಾಯಿಚ್, ಬುಲಂದ್‌ಶಹರ್, ಮೇರಠ ಎಂದು ಊರಿಂದೂರಿಗೆ ವರ್ಗ.

ಆ ಕಾಲದ ಹೆಂಗಸರ ಆಸ್ಪತ್ರೆಗಳ ಬಗ್ಗೆ ಒಂದು ಮಾತು ಹೇಳಬೇಕು. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಸರಿನಲ್ಲಿ ಒಂದು ನಿಧಿ ಶುರುವಾಯಿತು. ಭಾರತದ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಕೊಡಿಸುವುದು ಅದರ ಉದ್ದೇಶ. ಅದರಿಂದ ಎಷ್ಟೋ ಊರುಗಳಲ್ಲಿ ಜನಾನಾ ಆಸ್ಪತ್ರೆಗಳು ಎದ್ದವು. ಕಟ್ಟಡ ಎದ್ದಿತು, ಡಾಕ್ಟರುಗಳು ಸಾಲಲಿಲ್ಲ. ಡಾಕ್ಟರ್ ಇದ್ದ ಕಡೆಯೂ ರೋಗಿ ಬರುತ್ತಿದ್ದದ್ದು ಎಲ್ಲ ಕೈಮೀರಿದ ಮೇಲೆ. ಮೊದಲು ಅತ್ತೆಯ ಮದ್ದು, ಆಮೇಲೆ ದಾಯಿ, ಆಮೇಲೆ ತಾಯತ. ಕೊನೆಗೆ, ಅದೂ ಗಂಡ ಒಪ್ಪಿದರೆ, ದವಾಖಾನೆ.

ಇಲ್ಲಿ ದಾಯಿಯರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ನಮ್ಮ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೈಗುಣ ನಮಗೆ ಗೊತ್ತು. ಆದರೆ ತೊಳೆಯದ ಕೈ, ತುಕ್ಕು ಹಿಡಿದ ಚಾಕು, ಗಾಳಿ ಬೆಳಕು ಇಲ್ಲದ ಕೋಣೆ ಇವು ಮೂರೂ ಸೇರಿದರೆ ಬಾಣಂತಿಗೆ ನಂಜು, ಕೂಸಿಗೆ ಧನುರ್ವಾಯು. ಅದಕ್ಕೆ ಯಾವ ಕೈಗುಣವೂ ಸಾಲದು.

ಇನ್ನೊಂದು ತೊಂದರೆಯೂ ಇತ್ತು. ಕಾಶ್ಮೀರದಲ್ಲಿ ಕೆಲಸ ಮಾಡಿದ ಡಾ. ಕ್ಯಾಥ್ಲೀನ್ ವಾಘನ್ 1928ರಲ್ಲಿ ಪರದೆ ಪದ್ಧತಿ ಮತ್ತು ತಾಯ್ತನದ ಬಗ್ಗೆ ಒಂದು ಪುಸ್ತಕ ಬರೆದರು. ಬಿಸಿಲು ಕಾಣದೆ ಒಳಗೇ ಇರುವ ಹೆಂಗಸರ ಮೂಳೆ ಮೆತ್ತಗಾಗುತ್ತದೆ, ಸೊಂಟದ ಕಟ್ಟು ಇಕ್ಕಟ್ಟಾಗುತ್ತದೆ, ಹೆರಿಗೆ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿದರು. ಅದೇ ಸೀಮೆಯಲ್ಲಿ ದೋಣಿಯ ಮೇಲೆ ಬಾಳುವ ಬಡ ಹೆಂಗಸರಿಗೆ ಈ ಕಾಟ ಇರಲಿಲ್ಲ. ಅವರೂ ಮುಸ್ಲಿಮರೇ. ಹಾಗಾಗಿ ಇದು ದೀನಿನ ವಿಷಯವಲ್ಲ, ಮುಚ್ಚಿದ ಕೋಣೆಯ ವಿಷಯ. ಉತ್ತರದಲ್ಲಿ ಮೇಲುಜಾತಿಯ ಹಿಂದೂ ಮನೆಗಳಲ್ಲೂ ಇದೇ ಮುಚ್ಚಿದ ಕೋಣೆ ಇತ್ತು.

ರಶೀದ್ ಜಹಾನ್ ದಿನವೂ ನೋಡುತ್ತಿದ್ದದ್ದು ಇದನ್ನೇ. ವರ್ಷಕ್ಕೊಂದು ಬಸುರು, 30 ದಾಟುವುದರೊಳಗೆ ಮುದುಕಿಯಾದ ಮೈ. ಗಂಡ ತಂದ ಗುಪ್ತರೋಗ, ಆದರೆ ಅಪವಾದ ಹೆಂಡತಿಯ ಮೇಲೆ. ಕಾಯಿಲೆ ಬಿದ್ದವಳಿಗೆ ಔಷಧಿಗಿಂತ ಮೊದಲು "ಇನ್ನೊಂದು ಮದುವೆ ಆಗ್ತೀನಿ" ಎಂಬ ಬೆದರಿಕೆ. ಡಾಕ್ಟರ್ ಮುಂದೆ ಮಾತ್ರ ಬಾಯಿ ಬಿಡುವ ಹೆಂಗಸರು. ಯಾಕೆಂದರೆ ಅವರ ಮಾತು ಕೇಳುವ ಓದಿದ ಹೆಂಗಸು ಆ ಊರಿನಲ್ಲಿ ಅವರೊಬ್ಬರೇ.

ಕೇಸ್ ಪೇಪರ್ ಕಥೆಯಾದದ್ದು

ಡಾಕ್ಟರುಗಳು ಇಂಥದ್ದನ್ನು ಕೇಸ್ ಪೇಪರಿನಲ್ಲಿ ಎರಡು ಸಾಲು ಬರೆದು ಮರೆಯುತ್ತಾರೆ. ರಶೀದ್ ಜಹಾನ್ ಮರೆಯಲಿಲ್ಲ.

1931ರ ಹೊತ್ತಿಗೆ ಲಖನೌದಲ್ಲಿ ಅವರಿಗೆ ಮೂವರು ಯುವಕರ ಪರಿಚಯವಾಯಿತು: ಸಜ್ಜಾದ್ ಜಹೀರ್, ಅಹ್ಮದ್ ಅಲಿ, ಮಹಮೂದುಜ್ಜಫರ್. ನಾಲ್ವರೂ ಸೇರಿ 1932ರ ಡಿಸೆಂಬರಿನಲ್ಲಿ 'ಅಂಗಾರೆ' ಎಂಬ ಉರ್ದು ಸಂಕಲನ ತಂದರು. ಒಟ್ಟು ಹತ್ತು ಬರಹ. ಅದರಲ್ಲಿ ರಶೀದ್ ಜಹಾನ್ ಅವರದು ಎರಡು ಮಾತ್ರ.

ಒಂದು 'ದಿಲ್ಲಿ ಕೀ ಸೈರ್', ಎರಡು ಮೂರು ಪುಟದ ಚಿಕ್ಕ ಕಥೆ. ದಿಲ್ಲಿ ನೋಡಲು ಗಂಡನ ಜೊತೆ ರೈಲಿನಲ್ಲಿ ಬಂದ ಹೆಂಡತಿಯನ್ನು ಸ್ಟೇಷನ್ನಿನಲ್ಲಿ ಸಾಮಾನಿನ ಮೇಲೆ ಕೂರಿಸಿ ಗಂಡ ಸ್ನೇಹಿತನ ಜೊತೆ ಹೋಗಿಬಿಡುತ್ತಾನೆ. ಬುರ್ಖಾದೊಳಗಿಂದ ಆಕೆ ನೋಡಿದ್ದು ಪ್ಲಾಟ್‌ಫಾರಮ್ಮನ್ನು ಮಾತ್ರ. ಇನ್ನೊಂದು 'ಪರದೇ ಕೇ ಪೀಛೆ' ಎಂಬ ಏಕಾಂಕ. ಇಬ್ಬರು ಶರೀಫ್ ಮನೆತನದ ಹೆಂಗಸರು ಕೂತು ಸುಖದುಃಖ ಮಾತಾಡುತ್ತಾರೆ. ಒಬ್ಬಳು ತನ್ನ ಬಸುರು ಬಾಣಂತನಗಳ ಲೆಕ್ಕ, ಗಂಡನ ಹಟ, ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿದ್ದು, ಆಪರೇಷನ್ ಆದದ್ದು ಎಲ್ಲ ಹೇಳುತ್ತಾಳೆ. ಅದು ಒಬ್ಬ ಡಾಕ್ಟರ್ ಮಾತ್ರ ಬರೆಯಬಹುದಾದ ನಾಟಕ.

ಪುಸ್ತಕ ಹೊರಬಂದದ್ದೇ ಗದ್ದಲ ಎದ್ದಿತು. ಸಂಕಲನದ ಬೇರೆ ಕೆಲವು ಕಥೆಗಳಲ್ಲಿ ಧರ್ಮದ ಬಗ್ಗೆ ಆಡಿದ ಮಾತುಗಳು ಜನರ ಮನಸ್ಸಿಗೆ ನಾಟಿದ್ದು ನಿಜ. ಇವತ್ತು ಓದಿದರೂ ಅವುಗಳಲ್ಲಿ ಕೆಲವು ಬೇಕೆಂತಲೇ ಕೆಣಕಿದ ಹಾಗೆ ಕಾಣುತ್ತವೆ, ಅದನ್ನು ಮುಚ್ಚಿಡಬೇಕಾಗಿಲ್ಲ. 1933ರ ಮಾರ್ಚಿನಲ್ಲಿ ಪ್ರಾಂತ್ಯ ಸರ್ಕಾರ ದಂಡಸಂಹಿತೆಯ 295ಎ ಕಲಮಿನಡಿ ಪುಸ್ತಕ ನಿಷೇಧಿಸಿ ಪ್ರತಿಗಳನ್ನು ನಾಶ ಮಾಡಿಸಿತು.

ಆದರೆ ನೋಡಿ, ಅತಿ ಹೆಚ್ಚು ಬೈಗುಳ ತಿಂದದ್ದು ಯಾರು? ಐದು ಕಥೆ ಬರೆದ ಸಜ್ಜಾದ್ ಜಹೀರ್ ಅಲ್ಲ. ಹೆರಿಗೆ, ಕಾಯಿಲೆ, ಗಂಡನ ನಿರ್ಲಕ್ಷ್ಯ ಇಷ್ಟನ್ನೇ ಬರೆದ ರಶೀದ್ ಜಹಾನ್! ಅವರ ಹೆಸರೇ 'ಅಂಗಾರೆವಾಲಿ' ಆಯಿತು. ಮೂಗು ಕುಯ್ಯುತ್ತೇವೆ, ಮುಖಕ್ಕೆ ಆಸಿಡ್ ಹಾಕುತ್ತೇವೆ ಎಂಬ ಬೆದರಿಕೆಗಳು ಬಂದವು. ಬೆಂಗಾವಲಿಗೆ ಜನ ಇಟ್ಟುಕೊಳ್ಳಿ ಎಂದು ಹಿತೈಷಿಗಳು ಹೇಳಿದರಂತೆ. ಡಾಕ್ಟರಾದವಳು ಬೆಂಗಾವಲು ಕಟ್ಟಿಕೊಂಡು ರೋಗಿಗಳ ಮನೆಗೆ ಹೇಗೆ ಹೋಗಲಿ ಎಂದು ಅವರು ಒಪ್ಪಲಿಲ್ಲ. ಕೆಲಸ ಮುಂದುವರಿಸಿದರು. ಪತ್ರಿಕೆಗಳಲ್ಲಿ ಬೈಗುಳ ಬರುತ್ತಿದ್ದ ಕಾಲದಲ್ಲೂ ಅವರ ಹತ್ತಿರ ರೋಗಿಗಳು ಬರುವುದು ತಪ್ಪಲಿಲ್ಲ.

ಆಮೇಲಿನ ಕಥೆಗಳಲ್ಲೂ ದವಾಖಾನೆಯ ವಾಸನೆ ಇದೆ. 'ಆಸಿಫ್ ಜಹಾನ್ ಕೀ ಬಹೂ' ಇಡೀ ಕಥೆ ನಡೆಯುವುದು ಹೆರಿಗೆಯ ಕೋಣೆಯಲ್ಲಿ. ತುಂಬಿದ ಹೆಂಗಸರು, ಗಲಾಟೆ, ದಾಯಿ, ನರಳಾಟ. ಕೊನೆಗೆ ಹೆಣ್ಣುಮಗು ಹುಟ್ಟಿದ ಕೂಡಲೇ ಅದು ಇಂಥವರ ಮನೆಯ ಸೊಸೆ ಎಂದು ನಿಶ್ಚಯವೂ ಆಗಿಬಿಡುತ್ತದೆ. 'ವೋಹ್' ಎಂಬ ಕಥೆಯಲ್ಲಿ ರೋಗದಿಂದ ಮುಖ ಕೊಳೆತುಹೋದ ಒಬ್ಬ ಹೆಂಗಸು ಆಸ್ಪತ್ರೆಯಲ್ಲಿ ಒಬ್ಬ ಯುವ ಶಿಕ್ಷಕಿಯನ್ನು ಕಾಣುತ್ತಾಳೆ. ಆಕೆ ಮುಖ ತಿರುಗಿಸದೆ ಮಾತಾಡಿಸಿದಳು ಎಂಬ ಒಂದೇ ಕಾರಣಕ್ಕೆ ಹೂವು ಹಿಡಿದು ದಿನವೂ ಶಾಲೆಗೆ ಬರತೊಡಗುತ್ತಾಳೆ. ಸುತ್ತಲಿನವರ ಅಸಹ್ಯ, ಶಿಕ್ಷಕಿಯೊಳಗಿನ ಅಸಹ್ಯ ಮತ್ತು ಕನಿಕರ ಎಲ್ಲ ಒಟ್ಟಿಗೇ ಬರುತ್ತವೆ. ಕೊನೆಗೆ ಆಕೆಯನ್ನು ಹೊಡೆದು ಓಡಿಸುವುದು ಶಾಲೆಯ ಕಸಗುಡಿಸುವವಳು. ಬಡವರೆಲ್ಲ ಒಳ್ಳೆಯವರು, ಓದಿದವರೆಲ್ಲ ಧೈರ್ಯವಂತರು ಎಂಬ ಸುಲಭದ ಮಾತು ಇಲ್ಲಿ ಇಲ್ಲ.

'ಚೋರ್' ಕಥೆಯಂತೂ ಡಾಕ್ಟರ್ ಒಬ್ಬರ ಬಾಯಿಂದಲೇ ಹೇಳಿಸಿದ್ದು. ರಾತ್ರಿ ಹೊತ್ತು ಒಬ್ಬ ಕಾಯಿಲೆಯ ಮಗುವನ್ನು ಎತ್ತಿಕೊಂಡು ಬರುತ್ತಾನೆ. ತನ್ನ ಮನೆಗೆ ಕನ್ನ ಹಾಕಿದವನು ಇವನೇ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ. ಪೊಲೀಸಿಗೆ ಹೇಳುವುದೋ, ಮಗುವನ್ನು ನೋಡುವುದೋ? ಡಾಕ್ಟರ್ ಮಗುವನ್ನು ನೋಡುತ್ತಾರೆ. ಆಮೇಲೆ ಯೋಚನೆ ಹತ್ತುತ್ತದೆ, ಈ ಸಣ್ಣ ಕಳ್ಳ ಸಿಕ್ಕಿಬೀಳುತ್ತಾನೆ, ಮರ್ಯಾದಸ್ಥರ ವೇಷದ ದೊಡ್ಡ ಕಳ್ಳರನ್ನು ಹಿಡಿಯುವವರು ಯಾರು ಎಂದು.

ರೋಗಿಯಿಂದ ಸಮಾಜಕ್ಕೆ

1934ರಲ್ಲಿ ರಶೀದ್ ಜಹಾನ್ 'ಅಂಗಾರೆ'ಯ ಜೊತೆಗಾರ ಮಹಮೂದುಜ್ಜಫರ್ ಅವರನ್ನು ಮದುವೆಯಾದರು. ಗಂಡನಿಗೆ ಅಮೃತಸರದ ಎಂ.ಎ.ಓ. ಕಾಲೇಜಿನಲ್ಲಿ ಕೆಲಸ. ಇವರು ಸರ್ಕಾರಿ ನೌಕರಿ ಬಿಟ್ಟು ಅಲ್ಲಿಗೆ ಹೋದರು. ಅದೇ ಕಾಲೇಜಿಗೆ ಹೊಸದಾಗಿ ಪಾಠ ಹೇಳಲು ಬಂದಿದ್ದ ಯುವಕ ಫೈಜ್ ಅಹ್ಮದ್ ಫೈಜ್. ಸ್ವಂತ ವಿರಹದ ದುಃಖಕ್ಕಿಂತ ದೊಡ್ಡ ದುಃಖಗಳು ಲೋಕದಲ್ಲಿವೆ ಎಂದು ಅವರ ಕಣ್ಣು ತೆರೆಸಿದವರು ರಶೀದ್ ಜಹಾನ್. ಇದನ್ನು ಫೈಜ್ ಮರೆಯಲಿಲ್ಲ. ಅಲೀಗಢದ ಶಾಲೆಯಲ್ಲಿ ಓದಿದ ಇಸ್ಮತ್ ಚುಗ್ತಾಯಿ ಕೂಡ ತಮ್ಮ ಎದೆಗಾರಿಕೆಯ ಮಾತಿಗೆ ಈ 'ರಶೀದಾ ಆಪಾ' ಅವರೇ ಮೇಲ್ಪಂಕ್ತಿ ಎಂದು ಹೇಳಿಕೊಂಡವರು.

1936ರ ಏಪ್ರಿಲಿನಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನ ನಡೆಯಿತು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ರಶೀದ್ ಜಹಾನ್ ಒಬ್ಬರು. ಆ ಗಾಳಿ ಕನ್ನಡಕ್ಕೂ ಬೀಸಿತು. 1940ರ ದಶಕದಲ್ಲಿ ಅ.ನ.ಕೃ., ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಅವರೆಲ್ಲ ಕಟ್ಟಿದ ಪ್ರಗತಿಶೀಲ ಸಾಹಿತ್ಯ ಚಳವಳಿ ಅದೇ ಮರದ ಕೊಂಬೆ.

ಆದರೆ ಭಾಷಣ, ಸಮ್ಮೇಳನಗಳ ನಡುವೆಯೂ ಸ್ಟೆತಾಸ್ಕೋಪು ಕೆಳಗಿಡಲಿಲ್ಲ. ಅಮೃತಸರದ ನಂತರ ಡೆಹರಾಡೂನ್, ಆಮೇಲೆ ಲಖನೌ. ಲಖನೌದಲ್ಲಿ ಸ್ತ್ರೀರೋಗ ತಜ್ಞೆಯಾಗಿ ಅವರಿಗೆ ದೊಡ್ಡ ಹೆಸರಿತ್ತು. ನವಾಬರ ಮನೆಯ ಬೇಗಮರೂ ಬರುತ್ತಿದ್ದರು, ಕಸಗುಡಿಸುವವರೂ ಬರುತ್ತಿದ್ದರು. ಉಳ್ಳವರಿಂದ ಫೀಸು, ಇಲ್ಲದವರಿಗೆ ಪುಕ್ಕಟೆ. ಬಂದ ದುಡ್ಡು ಪಕ್ಷಕ್ಕೆ, ಕಷ್ಟದಲ್ಲಿದ್ದ ಸಂಗಾತಿಗಳಿಗೆ ಹೋಗುತ್ತಿತ್ತು. ಖಾದಿ ಸೀರೆ, ಕತ್ತರಿಸಿದ ಕೂದಲು, ಜೋರು ನಗು. ನೋಡಿದವರು ನೆನೆಯುವುದು ಹೀಗೆ. ನಡುವೆ ಸಿಕ್ಕ ಹೊತ್ತಿನಲ್ಲಿ ಕಥೆ. ಬದುಕಿದ್ದಾಗ ಹೊರಬಂದ ಅವರ ಸಂಕಲನ ಒಂದೇ, 1937ರ 'ಔರತ್'. ಇಷ್ಟು ಕಡಿಮೆ ಯಾಕೆ ಬರೆದರು ಎಂದು ವಿಮರ್ಶಕರು ಕೊರಗುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವ ಡಾಕ್ಟರಿಕೆಯಲ್ಲಿ ಇಷ್ಟಾದರೂ ಹೇಗೆ ಬರೆದರು ಎಂಬುದು ನನಗೆ ಆಶ್ಚರ್ಯ.

ಅವರ ರಾಜಕೀಯವನ್ನು ನಾವೆಲ್ಲ ಒಪ್ಪಬೇಕೆಂದೇನೂ ಇಲ್ಲ. ನನಗೂ ಒಪ್ಪದ ಮಾತುಗಳಿವೆ. ಆದರೆ ಅದು ಎಲ್ಲಿಂದ ಹುಟ್ಟಿತು ಎಂದು ನೋಡಬೇಕು. ರಕ್ತ ಇಲ್ಲದ ಬಾಣಂತಿಗೆ ಡಾಕ್ಟರ್ ಟಾನಿಕ್ ಬರೆದುಕೊಡಬಹುದು. ಆ ಮನೆಯಲ್ಲಿ ಗಂಡಸರು ಉಂಡ ಮೇಲೆ ಉಳಿದದ್ದೇ ಆಕೆಯ ಪಾಲು ಎಂದರೆ ಟಾನಿಕ್ ಏನು ಮಾಡೀತು? ದಿನವೂ ಇದನ್ನೇ ನೋಡುವ ಡಾಕ್ಟರ್ ಒಂದೋ ಕಲ್ಲಾಗುತ್ತಾರೆ, ಇಲ್ಲವೇ ಬೀದಿಗೆ ಇಳಿಯುತ್ತಾರೆ. ರಶೀದ್ ಜಹಾನ್ ಬೀದಿಗೆ ಇಳಿದರು. 1949ರಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರದ ಸಂದರ್ಭದಲ್ಲಿ ಜೈಲಿಗೆ ಹೋದರು, ಅಲ್ಲಿ ಉಪವಾಸ ಕೂತರು. ಆರೋಗ್ಯ ಮೊದಲೇ ಹದಗೆಟ್ಟಿತ್ತು.

ಆಮೇಲೆ ತಿಳಿಯಿತು, ಕ್ಯಾನ್ಸರ್ ಎಂದು. ಅದೂ ಗರ್ಭಕೋಶದ್ದು. ಜೀವನವಿಡೀ ಬೇರೆ ಹೆಂಗಸರ ಯಾವ ಸಂಕಟಕ್ಕೆ ಮದ್ದು ಹುಡುಕಿದರೋ ಅದೇ ಅವರನ್ನು ಹಿಡಿಯಿತು. ಆಪರೇಷನ್ ಆದರೂ ಗುಣ ಕಾಣಲಿಲ್ಲ. 1952ರ ಜುಲೈನಲ್ಲಿ ಗಂಡನ ಜೊತೆ ಚಿಕಿತ್ಸೆಗೆ ಮಾಸ್ಕೋಗೆ ಹೋದರು. ಜುಲೈ 29ರಂದು ಅಲ್ಲೇ ತೀರಿಕೊಂಡರು. 47 ತುಂಬಲು ಇನ್ನೂ ಒಂದು ತಿಂಗಳಿತ್ತು. ಮಾಸ್ಕೋದ ಅವರ ಸಮಾಧಿಯ ಕಲ್ಲಿನಲ್ಲಿ ಹೆಸರಿನ ಜೊತೆ ಮೂರು ಗುರುತುಗಳಿವೆ: ಕಮ್ಯುನಿಸ್ಟ್, ಡಾಕ್ಟರ್, ಲೇಖಕಿ.

ನಮಗೆ ಉಳಿದದ್ದು

ನಾಶವಾಯಿತೆಂದುಕೊಂಡ 'ಅಂಗಾರೆ' ಉಳಿದ ಕೆಲವೇ ಪ್ರತಿಗಳಿಂದ ಮತ್ತೆ ಹೊರಬಂತು. 1995ರಲ್ಲಿ ಉರ್ದುವಿನಲ್ಲಿ ಮರುಮುದ್ರಣ, 2014ರಲ್ಲಿ ಇಂಗ್ಲಿಷಿನಲ್ಲಿ ಎರಡೆರಡು ಅನುವಾದ. ಅದೇ ವರ್ಷ ರಖ್ಶಂದಾ ಜಲೀಲ್ ಅವರು ರಶೀದ್ ಜಹಾನ್ ಜೀವನಚರಿತ್ರೆಯನ್ನೂ ಪ್ರಕಟಿಸಿದರು. ಬಾಯಿ ಮುಚ್ಚಿಸಲು ಸುಟ್ಟ ಪುಸ್ತಕವನ್ನು ಇವತ್ತು ಕಾಲೇಜಿನ ಹುಡುಗಿಯರು ಓದುತ್ತಿದ್ದಾರೆ.

ಕನ್ನಡದಲ್ಲಿ ಈ ಮಾತು ನಮಗೆ ಹೊಸದಲ್ಲ. ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ನಮ್ಮ ಮನೆಯ ಮಾತು ಬೀದಿಗೆ ತಂದರು ಎಂದವರು ಇದ್ದರು. ಬಾನು ಮುಷ್ತಾಕ್ ಅವರೂ ಅಂಥ ವಿರೋಧ ಎದುರಿಸಿದವರೇ. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೆಲ್ಲ ಫೋನಿನಲ್ಲಿ ಮುಬಾರಕ್ ಹೇಳಿದೆವು. ನಡುವೆ ಕಳೆದ ವರ್ಷಗಳಲ್ಲಿ ಅವರು ಒಂಟಿಯಾಗಿ ನಿಂತದ್ದನ್ನೂ ನೆನೆಯಬೇಕು. ಒಳಗಿನ ಗಾಯವನ್ನು ತೋರಿಸುವವರು ಶತ್ರುಗಳಲ್ಲ. ಡಾಕ್ಟರ್ ಗಾಯ ಬಿಚ್ಚಿ ನೋಡುವುದು ಮರ್ಯಾದೆ ಕಳೆಯಲು ಅಲ್ಲವಲ್ಲ! ರಶೀದ್ ಜಹಾನ್ ಬರೆದದ್ದೂ ಆ ಕೈಯಿಂದಲೇ.

ಈ ಬರಹ ಓದುವ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ನೀಟ್ ಬರೆದು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಡಾಕ್ಟರಿಕೆ ಓದುತ್ತಿರುವ ನಮ್ಮ ಹೆಣ್ಣುಮಕ್ಕಳಲ್ಲಿ, ಒಂದು ಮಾತು. ನಿಮ್ಮ ಅಜ್ಜಿಯರಿಗೆ ಸಿಗದೇ ಹೋದದ್ದು ಈಗ ನಿಮ್ಮ ಕೈಯಲ್ಲಿದೆ. ದೊಡ್ಡ ಊರಿನಲ್ಲಿ ದೊಡ್ಡ ಆಸ್ಪತ್ರೆ ಸೇರಿ, ಬೇಡ ಅನ್ನುವುದಿಲ್ಲ. ಆದರೆ ಎರಡು ವರ್ಷವಾದರೂ ನಿಮ್ಮ ತಾಲ್ಲೂಕಿನ ದವಾಖಾನೆಯಲ್ಲಿ ಕೂತು ನೋಡಿ. ಬುರ್ಖಾ ಎತ್ತಿ, ದನಿ ತಗ್ಗಿಸಿ, ಗಂಡ ಹೊರಗೆ ಹೋಗಲಿ ಎಂದು ಕಾಯುವ ಹೆಂಗಸು ಅಲ್ಲಿ ಈಗಲೂ ಬರುತ್ತಾಳೆ. ಆಕೆ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಬರೆಯುವ ಕೈ ಇದ್ದರೆ ಬರೆಯಿರಿ.

ದಾದಿ ಈಗ ಇಲ್ಲ. "ಊರಾಗ ಒಬ್ಬಾಕಿ ಡಾಕ್ಟರ್ ಬಾಯಿ ಇದ್ದಿದ್ರ..." ಎಂಬ ಅವರ ಅರ್ಧ ವಾಕ್ಯ ಹಾಗೇ ಉಳಿದಿದೆ. ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮೊಮ್ಮಗಳು ಎಂ.ಬಿ.ಬಿ.ಎಸ್. ಸೇರಿದಳು. ಅವಳಿಗೆ 'ಅಂಗಾರೆ'ಯ ಒಂದು ಪ್ರತಿ ಕೊಟ್ಟೆ. ಮೊದಲ ಪುಟದಲ್ಲಿ ದಾದಿಯ ಹೆಸರು ಬರೆದುಕೊಟ್ಟಿದ್ದೇನೆ.